ಹಿಡ್ದೆ ಅನ್ನುವ ತನಕ

ಅಕ್ಟೋಬರ್ 27, ಸೋಮವಾರ. ಬೆಳಿಗ್ಗೆ 6.40

ಮೊದಲು ಚಹಾ, ಆಮೇಲೆ ಲ್ಯಾಪ್‌ಟಾಪ್. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ಬಾಗಿಲು ನಾನು ತೆರೆಯಬೇಕಾದ್ದು ಒಂಬತ್ತೂವರೆಗೆ. ಅಲ್ಲಿಯವರೆಗಿನ ಹೊತ್ತು ನನ್ನದು. ಕೆಳಗೆ ಅಂಗಡಿಯಲ್ಲಿ ಅಬ್ಬಾ ಆಗಲೇ ಹತ್ತಿ ಹಿಂಜುವ ಮೆಷಿನ್ ಹಾಕಿದ್ದಾರೆ. ಮೇಜು ನಡುಗುತ್ತಿದೆ. ಕೀಬೋರ್ಡ್ ಸಂದಿಯಲ್ಲಿ ಎಂದಿನಂತೆ ಹತ್ತಿ. ಚಿತ್ರದುರ್ಗದ ಸಂತೆಪೇಟೆಯಲ್ಲಿ ಗಾದಿ ಅಂಗಡಿಯ ಅಟ್ಟದ ಮೇಲೆ ಕೂತು ಪ್ರೋಗ್ರಾಂ ಬರೆಯುವವಳು ನಾನೊಬ್ಬಳೇ ಇರಬೇಕು.

ಇವತ್ತು ನನ್ನ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಪಾಸ್! ನೂರಕ್ಕೆ ನೂರು ಸಲ. ಎದ್ದು ಕುಣಿಯೋಣ ಅನ್ನಿಸಿತು. ಅಟ್ಟದ ಹಲಗೆಯ ಮೇಲೆ ನಂಬಿಕೆ ಇಲ್ಲ, ಕೂತಲ್ಲೇ ಕುಣಿದೆ.

ಗೆಳತಿ ಹುಲಿಗೆಮ್ಮನ ಪರೀಕ್ಷೆ ಡಿಸೆಂಬರ್ 7. ಇನ್ನು ನಲವತ್ತೊಂದು ದಿನ.

27, ಸಂಜೆ

ಊಟಕ್ಕೆ ಕೂತಾಗ ದಾದಿ, ಅಬ್ಬಾನ ಅಮ್ಮ, ಶುರು ಮಾಡಿದರು.

"ಲೇ ಯಾಸ್ಮಿನ್, ಬೆಳಗಾದ್ರೆ ಅದೇನೇ ಟಕಟಕ ಕುಟ್ತೀಯ? ಏನು ಕೆಲ್ಸ ಅದು?"

ಹೇಳಿದೆ. ಹುಲಿಗೆಮ್ಮ ಹೊಸದುರ್ಗದವಳು, ನನ್ನ ಜೊತೆ ಡಿಗ್ರಿ ಓದಿದವಳು, ಕಣ್ಣು ಕಾಣುವುದಿಲ್ಲ — ಇದು ದಾದಿಗೆ ಗೊತ್ತು. ಬಿ.ಎಡ್. ಮುಗಿಸಿದ್ದಾಳೆ. ಶಿಕ್ಷಕರ ಅರ್ಹತಾ ಪರೀಕ್ಷೆ ಒಂದು ದಾಟಬೇಕು. ಹೋದ ಸಲ ನಾಲ್ಕು ಅಂಕಕ್ಕೆ ಹೋಯಿತು. ಓದಲು ಪುಸ್ತಕ ಇರಲಿಲ್ಲ, ಅಷ್ಟೇ. ಇರುವುದೆಲ್ಲ ಜೆರಾಕ್ಸ್‌ನ ಜೆರಾಕ್ಸ್. ಕಂಪ್ಯೂಟರಿಗೆ ಓದಿಸಿದರೆ ಒತ್ತಕ್ಷರವನ್ನೆಲ್ಲ ನುಂಗಿ ಏನೇನೋ ಹೇಳುತ್ತದೆ. ಅದಕ್ಕೇ ಮನುಷ್ಯರು ಓದಿ ರೆಕಾರ್ಡ್ ಮಾಡಬೇಕು. ಫೋನಿನಲ್ಲಿ ಮಾಡಿ ನೋಡಿದೆವು. ಮಧ್ಯೆ ಕಾಲ್ ಬರುತ್ತದೆ, ಕೋಳಿ ಕೂಗುತ್ತದೆ, ಅವಳಿಗೆ ಬೇಕಾದ ಪುಟಕ್ಕೆ ಹೋಗಲು ಆಗುವುದಿಲ್ಲ. ನನ್ನ ಪ್ರೋಗ್ರಾಂ ಗದ್ದಲ ತೆಗೆಯುತ್ತದೆ, ಪುಟಕ್ಕೆ ಗುರುತು ಹಾಕುತ್ತದೆ.

ಆಮೇಲೆ ಕಷ್ಟದ ಭಾಗ. ನನ್ನ ಪ್ರೋಗ್ರಾಂನಲ್ಲಿ ಇಬ್ಬರಿದ್ದಾರೆ. ಒಬ್ಬ ಯಜಮಾನ: ಫೈಲ್ ತೆರೆಯುವುದು ಅವನ ಹಕ್ಕು. ಇನ್ನೊಬ್ಬ ಗದ್ದಲ ತೆಗೆದು ಬರೆಯುವವನು. ಈ ಎರಡನೆಯವನ ಕೋಡ್ ನನ್ನದಲ್ಲ, ಯಾರೋ ಬರೆದದ್ದು. ಜನರ ಕಂಪ್ಯೂಟರಿನೊಳಗೆ ಅವನನ್ನು ಬಿಟ್ಟುಬಿಡುವಷ್ಟು ಧೈರ್ಯ ನನಗಿಲ್ಲ. ಕೋಣೆಗೆ ಹಾಕಿ ಚಿಲಕ ಹಾಕಿದ್ದೇನೆ. ತಾನಾಗಿ ಒಂದೇ ಒಂದು ಫೈಲ್ ತೆರೆಯುವ ಅಧಿಕಾರ ಅವನಿಗಿಲ್ಲ. ಹಾಗಾಗಿ ಪ್ರತಿ ಅಧ್ಯಾಯಕ್ಕೂ ಯಜಮಾನ ಫೈಲ್ ತೆರೆದು, ತೆರೆದ ಆ ಹ್ಯಾಂಡಲ್ ಅನ್ನೇ, ಅಂದರೆ ಫೈಲಿನ ಹಿಡಿಕೆಯನ್ನೇ, ಅವನ ಕೈಗೆ ದಾಟಿಸಬೇಕು.

ದಾದಿ ರೊಟ್ಟಿ ಮುರಿಯುತ್ತಾ ಕೇಳಿಸಿಕೊಂಡರು.

"ಅಂದ್ರೆ ನಿನ್ ಕೈಲಿರಾದ್ನ ಇನ್ನೊಬ್ರ ಕೈಗೆ ಕೊಡಾದು. ಅಷ್ಟೇ ತಾನೇ?"

"ಅಷ್ಟೇ."

"ಅದ್ಕೆ ಮೂರು ತಿಂಗ್ಳಾ?"

"ಮೂರು ಥರದ ಮನೆ ಅವೆ ದಾದಿ. ಲಿನಕ್ಸ್, ವಿಂಡೋಸ್, ಮ್ಯಾಕ್. ಒಂದೊಂದು ಮನೇಲಿ ಒಂದೊಂದು ಪದ್ಧತಿ."

"ಕೊಡಾಕೆ ಏನು ಪದ್ಧತಿ" ಎಂದು ನಕ್ಕುಬಿಟ್ಟರು. ಕೋಪ ಬಂತು. ಪಲ್ಯ ಚೆನ್ನಾಗಿತ್ತು, ಆದ್ದರಿಂದ ಎದ್ದು ಹೋಗಲಿಲ್ಲ.

ನವೆಂಬರ್ 1, ಶನಿವಾರ

ರಜೆ. ವಿಂಡೋಸ್ ದಿನ.

ಲಿನಕ್ಸ್‌ನಲ್ಲಿ ಸುಖ. ಇಬ್ಬರ ನಡುವೆ ಒಂದು ಸಾಕೆಟ್, ಕೊಳವೆಯ ಹಾಗೆ; ಹ್ಯಾಂಡಲ್ ಅನ್ನು ಅದರೊಳಗೆ ಹಾಕು, ಆ ಕಡೆಯವನು ಎತ್ತಿಕೊಳ್ಳುತ್ತಾನೆ. ನನ್ನ ಕೈಯಲ್ಲಿ ಅದರ ಸಂಖ್ಯೆ ಏಳು, ಅವನ ಕೈಗೆ ಹೋದಾಗ ನಾಲ್ಕು. ಸಂಖ್ಯೆ ಬೇರೆ, ಫೈಲ್ ಒಂದೇ. ವಿಂಡೋಸ್ ಹಾಗಲ್ಲ. ಯಾರಿಗೆ ಕೊಡುತ್ತಿದ್ದೀಯ ಎಂದು ಮೊದಲೇ ಹೇಳಬೇಕು. ಅವನೊಳಗೇ ಹೋಗಿ ಒಂದು ಪ್ರತಿ ಇಟ್ಟು ಬರಬೇಕು. ಬಂದ ಮೇಲೆ "ನಿನ್ನ ಮನೆಯಲ್ಲಿ ಇಂಥ ಸಂಖ್ಯೆಯಲ್ಲಿ ಇಟ್ಟಿದ್ದೇನೆ" ಎಂದು ಅವನಿಗೆ ತಿಳಿಸಬೇಕು. ವಿಪರೀತ ಮರ್ಯಾದಸ್ಥ ಮನೆ.

ಬರೆದೆ. ಕಟ್ಟಿ ಕಳಿಸಿದೆ — ಕೆಂಚಣ್ಣನಿಗೆ.

ಕೆಂಚಣ್ಣ ಹರಿಯಬ್ಬೆಯವರು. ಶೇಂಗಾ ಬೆಳೆಯುತ್ತಾರೆ, ಬಯಲಾಟದಲ್ಲಿ ಮೂವತ್ತು ವರ್ಷ ರಾಜನ ಪಾತ್ರ. ಮಗಳ ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಹುಲಿಗೆಮ್ಮನಿಗೆ ಇತಿಹಾಸ ಓದುತ್ತಾರೆ. ದನಿ ಕೇಳಿದರೆ ಕಿಟಕಿ ನಡುಗಬೇಕು. ಗೋಡೆಯಿಂದ ಮಾರ್ದನಿ ಬರುತ್ತದೆ ಎಂದು ಅಬ್ಬಾ ಎರಡು ಹಳೇ ಗಾದಿ ಕೊಟ್ಟಿದ್ದಾರೆ. ಅವನ್ನು ಮೂಲೆಯಲ್ಲಿ ನಿಲ್ಲಿಸಿ, ನಡುವೆ ಕೂತು ಓದುವುದು.

ನವೆಂಬರ್ 4, ಮಂಗಳವಾರ

ಕೆಂಚಣ್ಣನ ಫೋನ್, ಬೆಳಿಗ್ಗೆ ಏಳಕ್ಕೆ.

"ಏನವ್ವಾ ಯಾಸ್ಮಿನ್, ಒಂದು ಕೆಂಪು ಪೆಟ್ಗೆ ಬಂತು. ಏನೋ ಇಂಗ್ಲಿಷು. ನಾನು ಏನೂ ಮುಟ್ಟಿಲ್ಲ ನೋಡು. ಮುಚ್ಚಿ ಮೇಲೊಂದು ಕಂಬ್ಳಿ ಹೊದ್ಸಿದೀನಿ."

"ಯಾವಾಗ?"

"ಭಾನ್ವಾರ."

ಎರಡು ದಿನದಿಂದ ಲ್ಯಾಪ್‌ಟಾಪ್ ಕಂಬಳಿಯೊಳಗೆ ಮಲಗಿದೆ! ನಗು ತಡೆದುಕೊಂಡು ಹೇಳಿದೆ, ಅದು ಬರೀ ಎರರ್ ಮೆಸೇಜು, ಕಚ್ಚುವುದಿಲ್ಲ. ನಂಬಲಿಲ್ಲ. "ಕೆಂಪು ಬಂದ್ರೆ ನಂಗೆ ಕೈಕಾಲು ಆಡಲ್ಲವ್ವಾ" ಅಂದರು. ಸರಿ, ಅವರಿಗಾಗಿ ಎಲ್ಲ ಕಡೆಯೂ ಕೆಂಪು ಪೆಟ್ಟಿಗೆ ತೆಗೆದುಬಿಟ್ಟೆ. ಏನೇ ದೋಷ ಬಂದರೂ ಪ್ರೋಗ್ರಾಂ ಸುಮ್ಮನಿರಬೇಕು, ಓದುವವರನ್ನು ಹೆದರಿಸಬಾರದು. ಎರಡೇ ಸಾಲಿನ ಬದಲಾವಣೆ. ಒಳ್ಳೆಯ ಕೆಲಸ ಮಾಡಿದ ಸಮಾಧಾನ.

ನವೆಂಬರ್ 6, ಗುರುವಾರ

ಹಿಹಿಹಿ. ಬರೆಯದೆ ಇರಲು ಆಗುತ್ತಿಲ್ಲ.

ಕೆಂಚಣ್ಣ ನಿನ್ನೆ ಚಂದ್ರವಳ್ಳಿ ಶಾಸನದ ಪಾಠ ಓದಿದರು. ಫೈಲ್ ಖಾಲಿ. ಹುಡುಕಿದೆ, ಹುಡುಕಿದೆ... ಕೊನೆಗೆ ಸಿಕ್ಕಿತು. ಎರಡನೆಯವನಿಗೆ ಅವನ ಮನೆಯ ಸಂಖ್ಯೆ ಹೇಳುವ ಬದಲು ನನ್ನ ಮನೆಯ ಸಂಖ್ಯೆ ಹೇಳಿಬಿಟ್ಟಿದ್ದೆ. ಅವನ ಮನೆಯಲ್ಲಿ ಆ ಸಂಖ್ಯೆ ಬೇರೆ ಯಾವುದಕ್ಕೋ ಸೇರಿದ್ದು — ಪ್ರೋಗ್ರಾಂ ತನ್ನ ದಿನದ ವರದಿ ಬರೆದುಕೊಳ್ಳುವ ಫೈಲಿಗೆ. ಕದಂಬರು ಸಮೇತ ಇಡೀ ಪಾಠ ಹೋಗಿ ಆ ವರದಿಯಲ್ಲಿ ಕೂತಿತ್ತು. ವರದಿ ಫೈಲನ್ನೇ ಕಿವಿಗೆ ಹಾಕಿಕೊಂಡು ಕೇಳಿದೆ. ಕೆಂಚಣ್ಣ ಗುಡುಗುತ್ತಿದ್ದಾರೆ: "ಮಯೂರ ಶರ್ಮನು ಕೆರೆಯನ್ನು ಕಟ್ಟಿಸಿದನು!"

ಸಂಖ್ಯೆ ಸರಿ ಮಾಡಿದೆ. ವಿಂಡೋಸ್ ಪಾಸ್. ಹುಲಿಗೆಮ್ಮನಿಗೆ ಕಳಿಸಿದೆ. ಉತ್ತರ: "ಕೆಂಚಣ್ಣಂಗೆ ಹೇಳು, ನಾನು ಕುಂತಿರಾದು ಕಿವಿ ಪಕ್ಕ, ಬಯಲಾಟದ ಕೊನೇ ಸಾಲಲ್ಲಿ ಅಲ್ಲ."

ನವೆಂಬರ್ 9, ಭಾನುವಾರ

ಮ್ಯಾಕ್ ಮನೆಗೆ ಗೃಹಪ್ರವೇಶ. ನನ್ನ ಹತ್ತಿರ ಮ್ಯಾಕ್ ಇಲ್ಲ. ಓದಿಕೊಡುವವರಲ್ಲಿ ಅದು ಇರುವುದು ಒಬ್ಬರಿಗೇ, ಹೊಳಲ್ಕೆರೆಯ ಮೋಹನ್‌ಕುಮಾರ್ ಮೇಷ್ಟ್ರಿಗೆ. ಸೆಕೆಂಡ್ ಹ್ಯಾಂಡ್, ಆದರೆ ಅದರ ಮೇಲೆ ಅವರ ಹೆಂಡತಿ ಅನುಸೂಯ ಹೆಣೆದ ಕ್ರೋಶಾ ಹೊದಿಕೆ, ಮೂಲೆಗೆ ಗೊಂಡೆ. "ನಮ್ದು ಮ್ಯಾಕು ಮೇಡಂ, ತೊಂದ್ರೆ ಅಂಬೋ ಮಾತೇ ಇಲ್ಲ." ಮೇಷ್ಟ್ರ ಪಾಲಿಗೆ ಶಿಶು ವಿಕಾಸ, ಒಂಬತ್ತು ಅಧ್ಯಾಯ. ಹುಲಿಗೆಮ್ಮ ಹೋದ ಸಲ ಜಾರಿದ್ದು ಇದರಲ್ಲೇ. ಮೂವತ್ತಕ್ಕೆ ಹನ್ನೊಂದು.

ಮ್ಯಾಕ್ ಕೂಡ ಲಿನಕ್ಸ್‌ನ ದೂರದ ನೆಂಟ. ಅದೇ ಸಾಕೆಟ್ ಪದ್ಧತಿ. ಲಿನಕ್ಸ್‌ನ ಕೋಡ್ ಇದ್ದ ಹಾಗೇ ಕಳಿಸಿದೆ. ಮೂರು ಅಧ್ಯಾಯ ಬಂದವು, ಮೇಷ್ಟ್ರ ದನಿ ಬೆಣ್ಣೆ.

ಮೂರೂ ಮನೆ ಪಾಸ್! ಖುಷಿಗೆ ದಾದಿಯನ್ನು ಎತ್ತಿ ತಿರುಗಿಸಲು ಹೋದೆ. ಸೊಂಟಕ್ಕೆ ಎಂದು ಇಟ್ಟಿದ್ದ ಎಣ್ಣೆಯ ಬಟ್ಟಲು ಉರುಳಿತು. ಬೈಸಿಕೊಂಡೆ. ಪರವಾಗಿಲ್ಲ.

ನವೆಂಬರ್ 12, ಬುಧವಾರ

ಹುಲಿಗೆಮ್ಮನ ಫೋನ್.

"ನಾಕ್ನೇ ಅಧ್ಯಾಯ ಖಾಲಿ ಬಂದೈತಲ್ಲೇ. ಏನೂ ಕೇಳ್ಸಲಿಲ್ಲ. ಕಣ್ಣಂತೂ ಇಲ್ಲ, ಕಿವಿನೂ ಹೋತೇನೋ ಅಂತ ಹೆದರ್ಕಂಡು ಅಮ್ಮನ್ನ ಕೂಗ್ದೆ. ಅಮ್ಮ ಅಡುಗೆಮನೆಯಿಂದ ಬೈದ್ಳು, ಅದು ಕೇಳ್ಸಿತು. ಸಮಾಧಾನ ಆತು."

ನೋಡಿದೆ. ಫೈಲ್ ಇದೆ. ಒಳಗೆ ಸೊನ್ನೆ. ನಲವತ್ತು ನಿಮಿಷದ ಓದು ಎಲ್ಲೂ ಇಲ್ಲ — ವರದಿ ಫೈಲ್‌ನಲ್ಲೂ ಇಲ್ಲ, ಅಲ್ಲೂ ಕಿವಿಯಿಟ್ಟು ಕೇಳಿದೆ. ಮೇಷ್ಟ್ರಿಗೆ ಫೋನ್ ಮಾಡಿ ಇನ್ನೊಮ್ಮೆ ಓದಿ ಎಂದೆ. ಓದಿದರು. ಬಂತು. ಐದು ಬಂತು. ಆರು ಖಾಲಿ.

ನವೆಂಬರ್ 14, ಶುಕ್ರವಾರ

ಆರು ಮತ್ತೆ ಖಾಲಿ. ಮೇಷ್ಟ್ರು ಬೇಸತ್ತಿದ್ದಾರೆ.

"ನೋಡ್ರಿ ಮೇಡಂ, ದಿನಾ ಆರು ಪೀರಿಯಡ್ ಒದರಿ ಬಂದು, ಮತ್ತೆ ಕುಂತು ಓದ್ತೀನಿ. ಗಂಟಲು ಒಂದೇ ಇರಾದು. ಓದಿದ್ದು ನಿಲ್ತೈತೆ ಅಂತ ಗ್ಯಾರಂಟಿ ಕೊಟ್ರೆ ಓದ್ತೀನಿ. ಇಪ್ಪತ್ತನೇ ತಾರೀಕಿಂದ ನಂಗೆ ಟ್ರೈನಿಂಗ್ ಬೇರೆ ಐತೆ, ಊರಲ್ಲಿರಲ್ಲ."

ಗ್ಯಾರಂಟಿ ಎಲ್ಲಿಂದ ತರಲಿ. ಹತ್ತೊಂಬತ್ತರ ಒಳಗೆ ಆಗಬೇಕು. ಐದು ದಿನ, ನಾಲ್ಕು ಅಧ್ಯಾಯ.

ಹುಲಿಗೆಮ್ಮನಿಗೆ ಹೇಳಿದೆ. ಮೆಲ್ಲಗೆ, "ಇದೇ ಕೊನೇ ಸಲ ಕಣೇ ನಾನು ಬರೆಯಾದು. ಆಗ್ಲಿಲ್ಲ ಅಂದ್ರೆ ಅಣ್ಣನ ಅಂಗ್ಡೀಲಿ ಫೋನ್ ಎತ್ಕಂಡು ಕುಂತ್ಕತೀನಿ. ಅದೂ ಕೆಲ್ಸನೇ. ನೀನು ಅಳಬ್ಯಾಡ" ಅಂದಳು. ನಾನು ಅಳುತ್ತಿರಲಿಲ್ಲ. ಅವಳು ಹಾಗಂದ ಮೇಲೆ ಅತ್ತೆ.

ನವೆಂಬರ್ 16, ಭಾನುವಾರ. ಹೊಳಲ್ಕೆರೆ ಬಸ್

ಕಿಟಕಿ ಪಕ್ಕದ ಸೀಟು. ಕೈಬರಹ ಕುಣಿಯುತ್ತಿದೆ, ರಸ್ತೆಯದೇ ತಪ್ಪು.

16, ವಾಪಸ್ ಬಸ್

ಕಣ್ಣಾರೆ ನೋಡಿದೆ. ಮೇಷ್ಟ್ರ ಮ್ಯಾಕ್ ಮೇಲೆ ನೂರು ಸಲ ಹ್ಯಾಂಡಲ್ ದಾಟಿಸಿದೆ. ತೊಂಬತ್ತನಾಲ್ಕು ಹೋದವು. ಆರು ಹೋಗಲಿಲ್ಲ. ಮತ್ತೆ ನೂರು. ಈ ಸಲ ಒಂಬತ್ತು ಕಾಣೆ. ಕೊಟ್ಟವನನ್ನು ಕೇಳಿದರೆ "ಕೊಟ್ಟೆ". ತೆಗೆದುಕೊಳ್ಳಬೇಕಾದವನನ್ನು ಕೇಳಿದರೆ "ಬಂತು, ಆದರೆ ಕೈಯಲ್ಲಿ ಏನೂ ಇಲ್ಲ". ಇಬ್ಬರೂ ಸತ್ಯ ಹೇಳುತ್ತಿದ್ದಾರೆ. ತಲೆ ಕೆಟ್ಟಿತು.

ಇನ್ನೊಂದು ತಿಳಿಯಿತು. ಎರಡನೆಯವನು ಪಾಪ ಪ್ರತಿ ಸಲವೂ ದೋಷ ಹೇಳಿದ್ದಾನೆ. ನಾನೇ ಅವನ ಬಾಯಿ ಮುಚ್ಚಿಸಿದ್ದು. ಕೆಂಚಣ್ಣನ ಕೆಂಪು ಪೆಟ್ಟಿಗೆ! ಸುಮ್ಮನಿರು ಎಂದಿದ್ದೆ, ಸುಮ್ಮನಿದ್ದ. ಬರೆಯಲು ಫೈಲ್ ಇಲ್ಲದೆ ಮೇಷ್ಟ್ರ ನಲವತ್ತು ನಿಮಿಷವನ್ನು ಗಾಳಿಗೆ ಬಿಟ್ಟ. ಒಳ್ಳೆಯ ಕೆಲಸ ಮಾಡಿದ ಸಮಾಧಾನ ಅಂತ ಬರೆದಿದ್ದೇನೆ ಆ ದಿನ. ಆ ಪುಟ ಹರಿಯಬೇಕು ಅನ್ನಿಸಿತು. ಹರಿಯುವುದಿಲ್ಲ, ಇರಲಿ.

ಅನುಸೂಯ ಅಕ್ಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟರು. "ತಿಂದು ಯೋಚ್ನೆ ಮಾಡವ್ವ, ಹಸ್ಕಂಡು ಯೋಚ್ನೆ ಮಾಡಿದ್ರೆ ಉಲ್ಟಾನೇ ಹೊಳೆಯಾದು." ಐದು ಮೆಣಸಿನಕಾಯಿ ತಿಂದೆ. ಏನೂ ಹೊಳೆಯಲಿಲ್ಲ. ಖಾರ ಮಾತ್ರ ಕಿವಿಯವರೆಗೆ.

ಮೇಷ್ಟ್ರ ಕೋಣೆಯಲ್ಲೂ ಮಾರ್ದನಿ. ನಮ್ಮಲ್ಲಿಂದ ಒಂದು ಗಾದಿ ಮಾಡಿಸಿ ಕಳಿಸುತ್ತೇನೆ ಎಂದೆ. ಮುಖ ಸ್ವಲ್ಪ ಅರಳಿತು. ಗ್ಯಾರಂಟಿ ಬದಲು ಗಾದಿ.

ನವೆಂಬರ್ 18, ಮಂಗಳವಾರ. ಮಧ್ಯಾಹ್ನ

ಕಾಲೇಜಿಗೆ ರಜೆ ಹಾಕಿದೆ. ಬೆಳಿಗ್ಗೆಯಿಂದ ಕೋಡ್ ನೋಡುತ್ತಾ ಕೂತವಳನ್ನು ದಾದಿ ಕೆಳಗಿಂದ ಕೂಗಿದರು. ಅಬ್ಬಾ ಬಟ್ಟೆ ತರಲು ಹೋಗಿದ್ದಾರೆ, ಮೇಷ್ಟ್ರ ಗಾದಿಗೆ ಹೊಲಿಗೆ ಹಾಕಲು ಇನ್ನೊಂದು ಕೈ ಬೇಕು. ಮುಖ ಊದಿಸಿಕೊಂಡು ಇಳಿದೆ.

ಹತ್ತಿ ತುಂಬಿದ ಗಾದಿಯನ್ನು ನೆಟ್ಟಗೆ ನಿಲ್ಲಿಸಿ ಆ ಬದಿಗೆ ಒಬ್ಬರು, ಈ ಬದಿಗೆ ಒಬ್ಬರು. ಗೇಣುದ್ದದ ದಬ್ಬಣ. ಈ ಕಡೆಯವರು ಮಂಡಿಯಿಂದ ಗಾದಿಯನ್ನು ಒತ್ತಿ, ದಬ್ಬಣ ಚುಚ್ಚಿ ತಳ್ಳಬೇಕು. ಆ ಕಡೆ ತುದಿ ಕಂಡೊಡನೆ ಹಿಡಿದು "ಹಿಡ್ದೆ" ಅನ್ನುತ್ತಾರೆ. ಅಂದ ಮೇಲೆಯೇ ಈ ಕಡೆಯವರು ಕೈ, ಮಂಡಿ ತೆಗೆಯಬೇಕು. ಆಮೇಲೆ ಅವರು ಚುಚ್ಚುತ್ತಾರೆ, ನಾವು "ಹಿಡ್ದೆ" ಅನ್ನಬೇಕು. ಇಡೀ ದಿನ ಅಂಗಡಿಯಲ್ಲಿ ಇದೊಂದೇ ಮಾತು. ಹುಟ್ಟಿದಾಗಿನಿಂದ ಕೇಳಿ ಕೇಳಿ ನನಗೆ ಗೋಡೆ ಗಡಿಯಾರದ ಸದ್ದಿನ ಹಾಗೆ ಕೇಳಿಸುವುದೇ ಇಲ್ಲ.

ಎಂಟೋ ಹತ್ತೋ ಹೊಲಿಗೆ ಆಗಿತ್ತು. ನನ್ನ ತಲೆ ಹೊಳಲ್ಕೆರೆಯಲ್ಲಿತ್ತು. ದಬ್ಬಣ ತಳ್ಳಿದೆ, ಮಂಡಿ ತೆಗೆದೆ.

ಹತ್ತಿ ಉಬ್ಬಿತು. ದಬ್ಬಣವನ್ನು ನುಂಗಿತು.

ಗಾಬರಿಯಲ್ಲಿ ದಾರ ಹಿಡಿದು ಎಳೆದೆ. ದಾರ ಬಂತು. ದಬ್ಬಣ ಬರಲಿಲ್ಲ.

ಆ ಕಡೆಯಿಂದ ದಾದಿಯ ತಲೆ ಮೇಲೆದ್ದಿತು. "ಹಿಡ್ದೆ ಅಂದ್ನೇನೇ ನಾನು?"

"ಕೊಟ್ಟೆನಲ್ಲ ದಾದಿ..."

"ಹಿಡ್ದೆ ಅಂದ್ನಾ? ನೀನು ಕೊಟ್ಬಿಟ್ರೆ ಆತಾ? ನನ್ ಕೈಗೆ ಬಂದ್ರಲ್ವೇನೇ ಕೊಟ್ಟಂಗೆ? ನಡುವೆ ಇಷ್ಟು ಹತ್ತಿ ಐತೆ, ಅದೇನು ನಿನ್ ಕೈಯಾ, ನನ್ ಕೈಯಾ?"

ಹಾಗೇ ನಿಂತುಬಿಟ್ಟೆ.

ಸಾಕೆಟ್. ನಡುವಿನ ಹತ್ತಿ.

ನನ್ನ ಯಜಮಾನ ಹ್ಯಾಂಡಲ್ ಅನ್ನು ಸಾಕೆಟ್‌ಗೆ ಹಾಕಿದ ತಕ್ಷಣ ತನ್ನ ಕೈಯಲ್ಲಿದ್ದ ಪ್ರತಿಯನ್ನು ಮುಚ್ಚಿಬಿಡುತ್ತಾನೆ. ನಾನೇ ಹಾಗೆ ಬರೆದದ್ದು — ಕೊಟ್ಟ ಮೇಲೆ ನಮ್ಮ ಕೈ ಖಾಲಿ ಇರಬೇಕು ಎಂಬ ಅಚ್ಚುಕಟ್ಟು. ಲಿನಕ್ಸ್‌ನಲ್ಲಿ ನಡುವಿನ ಹತ್ತಿಯೇ ಅದನ್ನು ಭದ್ರವಾಗಿ ಹಿಡಿದುಕೊಂಡಿರುತ್ತದೆ, ಆ ಕಡೆಯವನು ಬಂದು ಎತ್ತಿಕೊಳ್ಳುವ ತನಕ. ವಿಂಡೋಸ್‌ನಲ್ಲಿ ಹತ್ತಿಯೇ ಇಲ್ಲ, ಅವನ ಮನೆಯೊಳಗೇ ಇಟ್ಟು ಬರುತ್ತೇವೆ. ಮ್ಯಾಕ್‌ನಲ್ಲಿ ಆ ಕಡೆಯವನು ಎತ್ತಿಕೊಳ್ಳಲು ಒಂದು ಕ್ಷಣ ತಡವಾಯಿತೋ, ನಾನು ಕೈಬಿಟ್ಟದ್ದು ಒಮ್ಮೊಮ್ಮೆ ನಡುವೆಯೇ ಹೋಗುತ್ತದೆ!

"ದಾದಿ! ಸಿಕ್ತು!"

"ಎಲ್ಲಿ? ಎಲ್ಲೈತೆ?" ದಾದಿ ಗಾದಿಯ ಮೇಲೆ ಬಿದ್ದರು.

"ದಬ್ಬಣ ಅಲ್ಲ ದಾದಿ, ಪ್ರೋಗ್ರಾಂನ ಬಗ್ಗು!"

ದಾದಿ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯಲು ಬರುವುದಿಲ್ಲ. ಅಟ್ಟದ ಮೆಟ್ಟಿಲಿನ ಮೇಲೆ ಕಾಲಿಟ್ಟವಳ ದುಪಟ್ಟಾ ಹಿಡಿದು ಎಳೆದರು.

"ಕುಂತ್ಕ ಇಲ್ಲಿ. ದಬ್ಬಣ ಒಳಗಿಟ್ಕಂಡ ಗಾದಿ ಈ ಅಂಗ್ಡಿಯಿಂದ ಯಾವತ್ತೂ ಆಚಿಗೆ ಹೋಗಿಲ್ಲ. ನಿನ್ ಅಬ್ಬಾನ ಅಜ್ಜನ ಕಾಲದಿಂದ್ಲೂ ಹೋಗಿಲ್ಲ. ಸಿಗೋತನ ನೀನು ಮೇಲೆ ಹತ್ತಂಗಿಲ್ಲ."

ಎರಡೂವರೆ ಗಂಟೆ. ಹೊಲಿಗೆ ಬಿಚ್ಚಿ, ಹತ್ತಿ ಹಿಡಿ ಹಿಡಿಯಾಗಿ ಹೊರಗೆ ತೆಗೆದು, ಹಿಸುಕಿ ನೋಡಿ, ಈ ಕಡೆ ರಾಶಿ. ಉತ್ತರ ಗೊತ್ತಿದೆ, ಬೆರಳ ತುದಿಯಲ್ಲಿದೆ, ಬೆರಳು ಹತ್ತಿಯಲ್ಲಿದೆ! ಅಬ್ಬಾ ಬಂದರು, ನೋಡಿದರು. ಹಳೇ ಸ್ಪೀಕರಿನ ಅಯಸ್ಕಾಂತ ತಂದು ರಾಶಿಯ ಮೇಲೆ ಆಡಿಸತೊಡಗಿದರು. ಎರಡು ಗುಂಡುಸೂಜಿ, ಒಂದು ಬ್ಲೇಡು, ಯಾವ ಕಾಲದ್ದೋ ಒಂದು ಕೀಲಿಕೈ ಅಂಟಿಕೊಂಡು ಬಂದವು. ದಬ್ಬಣ ಬರಲಿಲ್ಲ. ಕೊನೆಗೆ ದಾದಿಯೇ, ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸುತ್ತಾ, ಒಂದು ಮೂಲೆಯಲ್ಲಿ ನಿಲ್ಲಿಸಿದರು.

"ಹಿಡ್ದೆ."

ಮೂವರೂ ನಕ್ಕೆವು. ನನ್ನ ಹುಬ್ಬಿನ ಮೇಲೂ ಹತ್ತಿ. ದಾದಿಯ ಕೆನ್ನೆಗೆ ಮುತ್ತು ಕೊಟ್ಟು ಮೆಟ್ಟಿಲು ಹತ್ತಿದೆ.

18, ಸಂಜೆ 5.15

ಬರೆದದ್ದು ಹನ್ನೊಂದು ಸಾಲು. ತೆಗೆದುಕೊಂಡವನು ಹ್ಯಾಂಡಲ್ ಕೈಗೆ ಬಂದ ಮೇಲೆ ಒಂದು ಬೈಟ್, ಒಂದಕ್ಷರದಷ್ಟು ಸುದ್ದಿ, ವಾಪಸ್ ಕಳಿಸಬೇಕು. ಅದು ಬರುವ ತನಕ ಕೊಟ್ಟವನು ತನ್ನ ಪ್ರತಿಯನ್ನು ಮುಚ್ಚಬಾರದು. ಬರದಿದ್ದರೆ ರೆಕಾರ್ಡಿಂಗ್ ಶುರುವೇ ಆಗಬಾರದು, ಪರದೆಯ ಮೇಲೆ "ಒಂದು ನಿಮಿಷ ತಡೀರಿ" ಎಂದು ಬರಬೇಕು. ಪೆಟ್ಟಿಗೆ ಹಸಿರು. ಕೆಂಪು ಬೇಡ, ಕೆಂಚಣ್ಣ ಇದ್ದಾರೆ.

ಆ ಒಂದು ಬೈಟ್‌ಗೆ ಕೋಡ್‌ನಲ್ಲಿ ಹೆಸರು ಇಡಬೇಕಲ್ಲ. "ಹಿಡ್ದೆ" ಎಂದೇ ಇಟ್ಟೆ.

ಆಮೇಲೆ ಕುತೂಹಲಕ್ಕೆ ನೆಟ್‌ನಲ್ಲಿ ಹುಡುಕಿದರೆ... ಯಾರೋ ಪುಣ್ಯಾತ್ಮರು ಎಷ್ಟೋ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ: ಮ್ಯಾಕ್ ಆದರೆ ತಲುಪಿದ್ದಕ್ಕೆ ಉತ್ತರ ಕಾಯಿರಿ. ಒಂದೇ ಸಾಲು, ಒಂದು ಮೂಲೆಯಲ್ಲಿ. ನಾನು ಓದಿರಲಿಲ್ಲ. ತಪ್ಪು ಮ್ಯಾಕ್‌ನದಲ್ಲ, ಆ ಮನೆಯ ಪದ್ಧತಿ ಕೇಳದೆ ಒಳಗೆ ನುಗ್ಗಿದವಳದು. ಕೊಡಾಕೆ ಏನು ಪದ್ಧತಿ ಎಂದು ನಕ್ಕಿದ್ದ ದಾದಿಯ ಹತ್ತಿರ ಹೋಗಿ ಇದನ್ನು ಹೇಳಿದೆ. "ಅದನ್ನ ಕಲಿಯಾಕೆ ಕಂಪ್ಯೂಟರ್ ಬೇಕಿತ್ತಾ" ಅಂದರು.

ಮೇಷ್ಟ್ರಿಗೆ ಫೋನ್ ಮಾಡಿ ನೂರು ಸಲ ಓಡಿಸಲು ಹೇಳಿದೆ. ಅವರು ಗಟ್ಟಿಯಾಗಿ ಎಣಿಸುತ್ತಾ ಓದಿ ಹೇಳಿದರು. ನೂರಕ್ಕೆ ನೂರು. ನಂಬಿಕೆ ಬರದೆ ಐನೂರು ಓಡಿಸಿದೆವು. ಐನೂರಕ್ಕೆ ಐನೂರು.

"ಗ್ಯಾರಂಟಿನಾ ಮೇಡಂ?"

"ಗ್ಯಾರಂಟಿ ಮೇಷ್ಟ್ರೇ. ನಮ್ ದಾದಿ ಕೊಟ್ಟಿದ್ದು."

ನವೆಂಬರ್ 19, ಬುಧವಾರ

ಆರು. ಏಳು. ಎಂಟು. ಮೇಷ್ಟ್ರು ಶಾಲೆಗೆ ಅರ್ಧ ದಿನ ರಜೆ ಹಾಕಿ ಓದಿದ್ದಾರೆ. ಒಂದೊಂದು ಬಂದಾಗಲೂ ನಾನು ಮೊದಲು ನೋಡುವುದು ಸೈಜ್. ಸೊನ್ನೆ ಇಲ್ಲ, ಇಲ್ಲ, ಇಲ್ಲ. ಒಂಬತ್ತನೆಯದರ ಕೊನೆಯಲ್ಲಿ ದನಿ ಒಡೆದಿದೆ, ಅನುಸೂಯ ಅಕ್ಕ "ಬಿಸಿನೀರು ಕುಡೀರಿ" ಅನ್ನುವುದೂ ಕೇಳುತ್ತದೆ. ಅದನ್ನು ತೆಗೆಯಲಿಲ್ಲ.

ಗಾದಿ ಮತ್ತೆ ತುಂಬಿ, ಹೊಲಿದು, ಬಸ್ಸಿನ ಮೇಲೆ ಹೋಯಿತು. ಈ ಸಲ ಪ್ರತಿ ಹೊಲಿಗೆಗೂ ಕಾದೆ. ಕಾಯುತ್ತೇನೋ ಇಲ್ಲವೋ ನೋಡಲು ದಾದಿ ಬೇಕೆಂದೇ ತಡ ಮಾಡಿ "ಹಿಡ್ದೆ" ಅಂದರು. ಹಟಮಾರಿ.

ನವೆಂಬರ್ 23, ಭಾನುವಾರ

ಹುಲಿಗೆಮ್ಮ ಮೂರು ದಿನದಲ್ಲಿ ಒಂಬತ್ತೂ ಅಧ್ಯಾಯ ಎರಡೆರಡು ಸಲ ಕೇಳಿದ್ದಾಳೆ. ಫೋನ್ ಮಾಡಿ ನನ್ನನ್ನೇ ಪ್ರಶ್ನೆ ಕೇಳುತ್ತಾಳೆ, ನಾನು ತಪ್ಪು ಹೇಳಿದರೆ ಪುಟದ ಸಂಖ್ಯೆ ಸಮೇತ ಬೈಯುತ್ತಾಳೆ. ಪುಟಕ್ಕೆ ಗುರುತು ಹಾಕಿಕೊಟ್ಟದ್ದು ಯಾರು ಎಂದು ನೆನಪಿಸಿದೆ. "ಅದ್ಕೇ ಬೈತಿರಾದು" ಅಂದಳು.

ಡಿಸೆಂಬರ್ 7, ಭಾನುವಾರ

ಪರೀಕ್ಷೆ ಚಿತ್ರದುರ್ಗದಲ್ಲೇ. ಹುಲಿಗೆಮ್ಮ ನಮ್ಮ ಮನೆಗೇ ಬಂದು ಉಳಿದಿದ್ದಳು. ಅವಳಿಗೆ ಬರೆದುಕೊಡಲು ಒಬ್ಬ ಹುಡುಗಿ ಬಂದಿದ್ದಳು, ಪಾಪ ಅವಳೇ ಹೆಚ್ಚು ಹೆದರಿದ್ದಳು. ಗೇಟಿನ ತನಕ ಕೈ ಹಿಡಿದು ಕರೆದುಕೊಂಡು ಹೋದೆ. ಆ ಹುಡುಗಿ ಕೈ ಚಾಚಿದಳು. ಹುಲಿಗೆಮ್ಮ ಅವಳ ಮಣಿಕಟ್ಟು ಹಿಡಿದುಕೊಂಡು, ಹಾಗೇ ನನ್ನ ಕಡೆ ತಿರುಗಿ, "ಹಿಡ್ದೆ. ಬಿಡೇ ಇನ್ನ" ಅಂದಳು.

ದಬ್ಬಣದ ಕಥೆ ಪೂರ್ತಿ ಹೇಳಿಬಿಟ್ಟಿದ್ದಾರೆ ದಾದಿ. ನನ್ನ ಮಾನ ಉಳಿದಿಲ್ಲ.

ಸಂಜೆ ಹೊರಗೆ ಬಂದವಳು ಹೇಗಾಯಿತು ಎಂದರೆ, "ಮಿರ್ಚಿ ಕೊಡ್ಸು." ಕೊಡಿಸಿದೆ. ತಿನ್ನುತ್ತಾ, ಒಂದು ಪ್ರಶ್ನೆ ಆರನೇ ಅಧ್ಯಾಯದ್ದೇ ಬಂತು ಎಂದಳು. ಓದಿ ಓದಿ ಎರಡು ಸಲ ಗಾಳಿಗೆ ಹೋದದ್ದು. ಮೇಷ್ಟ್ರಿಗೆ ಅಲ್ಲಿಂದಲೇ ಫೋನ್ ಮಾಡಿದೆವು. ಅವರು ಕೆಮ್ಮಿ, "ಗಂಟಲು ಸಾರ್ಥಕ ಆತು ಬಿಡ್ರಿ" ಅಂದರು.

ಡಿಸೆಂಬರ್ 29, ಸೋಮವಾರ

ರಿಸಲ್ಟ್ ಇವತ್ತು ಎಂದು ಸುದ್ದಿ. ಬೆಳಿಗ್ಗೆಯಿಂದ ಒಂದು ತುತ್ತು ಇಳಿದಿಲ್ಲ. ಲ್ಯಾಬ್‌ನಲ್ಲಿ ಮಕ್ಕಳಿಗೆ ಪ್ರಿಂಟರ್ ತೋರಿಸಿ ಸ್ಕ್ಯಾನರ್ ಎಂದೆ. ಕೆಂಚಣ್ಣ ನಾಲ್ಕು ಸಲ ಫೋನ್: "ಬಂತೇನವ್ವಾ?" ಇಲ್ಲ ಕೆಂಚಣ್ಣ. ಸರ್ವರ್ ಬಿದ್ದಿದೆಯಂತೆ. "ಎತ್ರಿ ಅದನ್ನ ಯಾರಾದ್ರೂ" ಎಂದು ಗುಡುಗಿದರು.

29, ಸಂಜೆ 4.50

ಹುಲಿಗೆಮ್ಮನ ಫೋನ್ ಬಂತು. ಹಲೋ ಎಂದೆ. ಹಿಂದೆ ಅವಳ ಅಮ್ಮ ಏನೋ ಜೋರಾಗಿ ಹೇಳುತ್ತಿದ್ದರು, ಅಳುವೋ ನಗುವೋ ತಿಳಿಯಲಿಲ್ಲ. ಹುಲಿಗೆಮ್ಮಾ, ಹುಲಿಗೆಮ್ಮಾ, ಏನಾಯಿತೇ...

"ಹಿಡ್ದೆ."

ಅಷ್ಟೇ ಅಂದಳು. ನಾನು ಹತ್ತಿ ರಾಶಿಯ ಮೇಲೆ ಕೂತುಬಿಟ್ಟೆ. ನೂರೈವತ್ತಕ್ಕೆ ನೂರಾ ಹನ್ನೊಂದು! ಶಿಶು ವಿಕಾಸದಲ್ಲಿ ಮೂವತ್ತಕ್ಕೆ ಇಪ್ಪತ್ತಾರು! ಇಬ್ಬರೂ ಅತ್ತೆವು, ನಕ್ಕೆವು, ಒಬ್ಬರ ಮಾತು ಒಬ್ಬರಿಗೆ ಕೇಳದ ಹಾಗೆ ಕಿರುಚಿದೆವು. ಅಬ್ಬಾ ಮೆಷಿನ್ ನಿಲ್ಲಿಸಿ ಓಡಿ ಬಂದರು. ದಾದಿ ಕೇಳಿ, "ನಂಗೊತ್ತಿತ್ತು" ಎಂದು ಮೂಗು ಒರೆಸಿಕೊಂಡರು.

ಈಗ ಅವಳೇ ಇನ್ನೊಬ್ಬಳಿಗೆ ಓದಿಕೊಡುತ್ತಾಳಂತೆ. ಪಕ್ಕದ ಬೀದಿಯ ಬೋರಕ್ಕನ ಮಗಳು ಮುಂದಿನ ಸಲ ಪರೀಕ್ಷೆಗೆ ಕೂರುತ್ತಾಳೆ, ಅವಳಿಗೂ ದೃಷ್ಟಿ ಇಲ್ಲ. ಹುಲಿಗೆಮ್ಮ ಬ್ರೈಲ್‌ನಲ್ಲಿ ಮಾಡಿಕೊಂಡ ಟಿಪ್ಪಣಿ ಬೆರಳಲ್ಲಿ ಓದಿ ರೆಕಾರ್ಡ್ ಮಾಡಿಕೊಡುವುದು. ನಾಳೆಯಿಂದಲೇ. ಯಾವ ಕಂಪ್ಯೂಟರ್ ಇದೆ ಎಂದು ಕೇಳಿದೆ.

"ಕಂಪ್ಯೂಟರ್ ಎಲ್ಲಿಂದ ಬರ್ತೈತೆ? ನನ್ ಫೋನೇ. ಆಂಡ್ರಾಯ್ಡು. ಆಗ್ತೈತಲ್ಲ?"

ನಾಲ್ಕನೇ ಮನೆ! ಅಲ್ಲಿ ಕೊಡುವ ಪದ್ಧತಿ ಏನೋ, ಯಾರು ಯಾರ ಕೈಗೆ ಕೊಡಬೇಕೋ, ಎಲ್ಲಿ ತನಕ ಕಾಯಬೇಕೋ — ಈ ಸಲ ಮೊದಲು ಓದಿ, ಆಮೇಲೆ ಬಾಗಿಲು ತಟ್ಟುತ್ತೇನೆ. ಈಗಲೇ ಕೂರಬೇಕು ಅನ್ನಿಸುತ್ತಿದೆ. ಮೊದಲು ಮೇಷ್ಟ್ರಿಗೆ, ಕೆಂಚಣ್ಣನಿಗೆ ಫೋನ್. ಮೊದಲು ಊಟ. ಇಲ್ಲ, ಮೊದಲು—

ದಾದಿ ಕೂಗುತ್ತಿದ್ದಾರೆ. ದಬ್ಬಣ ಚುಚ್ಚಿ ಮಂಡಿ ಒತ್ತಿಕೊಂಡು ನಿಂತಿದ್ದಾರಂತೆ, ಈ ಕಡೆ ಯಾರೂ ಇಲ್ಲವಂತೆ, ಎಷ್ಟೊತ್ತು ಹಿಂಗೇ ನಿಂತಿರ್ಲಿ ಎಂದು... ಬಂದೆ ದಾದಿ, ಬಿಡಬ್ಯಾಡ, ಬಂ